ಇಲಿ ಹೋತು, ಗಂಟು ಉಳೀತು

ನಮ್ಮ ಡ್ರಾಯಿಂಗ್ ಮಾಸ್ತರರ ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ಕಾಲುವೆ ಇತ್ತು. ಚಿಕ್ಕಂದಿನಿಂದ ನೂಲು ಹರಿದಾಡಿ ಚರ್ಮದಲ್ಲಿ ಕೊರೆದ ಗೆರೆ ಅದು. ಬಲಗೈಯೋ ಎಡಗೈಯೋ ಈಗ ಹೇಳಲಾರೆ. ಬಲಗೈ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಪೆನ್ಸಿಲು ಹಿಡಿಯುವ ಕೈ ಅದೇ ಆದ್ದರಿಂದ ಗೆರೆಯನ್ನು ನಾನೇ ಅಲ್ಲಿಗೆ ಸಾಗಿಸಿರಬಹುದು. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ ಬಂದವನು ನಾನು. ಯಾವ ಕೈಯ ಬೆರಳೆಂದು ಗೊತ್ತಿಲ್ಲದವನು ಮಾತುಗಳನ್ನು ನೆನಪಿಟ್ಟಿದ್ದೇನೆ ಎಂದರೆ ಪೂರ್ತಿ ನಂಬಬಾರದು. ಆದರೂ ಬರೆಯುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಅವರದು ಬೆಟಗೇರಿಯ ನೇಕಾರರ ಮನೆ. ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಎರಡು ತಾಸು ನೇಯ್ದು, ಆಮೇಲೆ ಕರಿ ಕೋಟು ಏರಿಸಿ ಗದಗಿನ ನಮ್ಮ ಶಾಲೆಗೆ ನಡೆದು ಬರುತ್ತಿದ್ದರು. ಕೋಟಿನ ಹೆಗಲ ಮೇಲೆ ಯಾವಾಗಲೂ ಹತ್ತಿಯ ಎಳೆ ಅಂಟಿರುತ್ತಿತ್ತು. ಯಾರಾದರೂ ತೆಗೆಯಲು ಹೋದರೆ, "ಇರಲಿ ಬಿಡಪಾ, ಅದು ನಮ್ಮ ಮನಿ ಪತ್ತೆ" ಎನ್ನುತ್ತಿದ್ದರು.

ಅವರ ತರಗತಿಯಲ್ಲಿ ರಬ್ಬರ್ ತರುವ ಹಾಗಿರಲಿಲ್ಲ. ಒಮ್ಮೆ ನಾನು ಹೊಸ ರಬ್ಬರಿನಿಂದ ವಕ್ರವಾದ ಹೂಜಿಯನ್ನು ತಿಕ್ಕುತ್ತಿದ್ದಾಗ ಹಿಂದಿನಿಂದ ಕೈ ಬಂತು. ರಬ್ಬರ್ ಕಿಟಕಿಯ ಆಚೆ ಹಾರಿತು.

"ಯಾಕಲೇ ಅಳಸ್ತೀ? ತಪ್ಪಿದ್ದು ಕಾಣ್ಲಿ. ಅದರ ಬಾಜೂಕ ಸರಿಯಾದದ್ದ ಬರಿ."

"ಹೊಲಸು ಕಾಣ್ತೈತ್ರಿ, ಸರ್."

"ನಿನ್ನ ಹೂಜಿ ಮೊದಲ ಹೊಲಸು ಐತಿ. ಅದಕ್ಯಾಕ ಚಿಂತಿ?"

ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರು ಗುಡಿಯ ಪೂಜೆ, ಮಾಸ್ತರಿಕೆ, ಕಚೇರಿ ಕಾರಕೂನಿಕೆ. ತಪ್ಪನ್ನು ಮುಚ್ಚುವುದೇ ನಮಗೆ ಕಲಿಸಿದ ಶಿಸ್ತು.

ಅವರು ಮಾಡಿದ ಪುಸ್ತಕವನ್ನು ನಮ್ಮ ಸೀಮೆಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ನೋಡಿರುತ್ತಿದ್ದರು. ಹದಿನಾರು ಪುಟ, ಪುಟಕ್ಕೊಂದು ಚಿತ್ರ, ಕೆಳಗೆ ಒಂದೋ ಎರಡೋ ಸಾಲು. ಸ್ವಾತಂತ್ರ್ಯಕ್ಕೆ ಮುಂಚೆ ಗದಗಿನಲ್ಲಿ ಬ್ರಿಟಿಷರು, ಲಕ್ಷ್ಮೇಶ್ವರದಲ್ಲಿ ಮಿರಜದವರು, ಶಿರಹಟ್ಟಿಯಲ್ಲಿ ಸಾಂಗಲಿಯವರು. ಮುಂಡರಗಿಯ ಆಚೆ ಗಡಿ ದಾಟಿದರೆ ನಿಜಾಮರು. ಅಷ್ಟು ಸರಕಾರಗಳ ಮಕ್ಕಳಿಗೆ ಇಲಿ ಒಂದೇ.

ಕಥೆ ಇಷ್ಟು: ಮಗ್ಗದ ಕುಣಿಯಲ್ಲಿ ಮರಿ ಹಾಕಿದ ಇಲಿಯೊಂದು ಗೂಡಿಗಾಗಿ ಉದ್ದಕ್ಕೆ ಬಿಗಿದ ಹಾಸಿನ ಎಳೆಯನ್ನು ಕಡಿಯುತ್ತದೆ. ನೇಯುವ ಹೆಂಗಸು ಕಸಬರಿಗೆ ಎತ್ತುತ್ತಾಳೆ, ಮರಿಗಳನ್ನು ಕಂಡು ಇಳಿಸುತ್ತಾಳೆ. ಕಡಿದ ಎಳೆಗೆ ಗಂಟು ಹಾಕಿ ನೇಯ್ಗೆ ಮುಗಿಸುತ್ತಾಳೆ. ಕೊನೆಯ ಪುಟದಲ್ಲಿ ಅವಳು ಅದೇ ಸೀರೆ ಉಟ್ಟು ಬೆನ್ನು ತಿರುಗಿಸಿ ಹೋಗುತ್ತಿದ್ದಾಳೆ. ಸೆರಗಿನಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ. ಹಿಂದೆ, ಮೂಲೆಯಲ್ಲಿ, ನೂಲಿನ ಮೂಟೆಯೊಂದು ಬಿದ್ದಿದೆ. ಕೆಳಗಿನ ಸಾಲು: "ಇಲಿ ಹೋತು, ಗಂಟು ಉಳೀತು."

ಆ ಹೆಂಗಸು ಮಾಸ್ತರರ ತಾಯಿ. ಗಂಟು ಕಾಣುತ್ತದೆ ಎಂದು ಸಾವುಕಾರ ಆ ಸೀರೆಯನ್ನು ಹಿಂದಕ್ಕೆ ಎಸೆದನಂತೆ. ಬೇರೆ ಸೀರೆ ಇಲ್ಲದ ಆಕೆ ಅದನ್ನೇ ಉಟ್ಟು, ಮಗನ ಕೈ ಹಿಡಿದು ಶಾಲೆಗೆ ಹೆಸರು ಹಚ್ಚಲು ಹೋದರಂತೆ. ಮಗ ದಾರಿಯುದ್ದಕ್ಕೂ ಆ ಗಂಟನ್ನು ಹಿಡಿದುಕೊಂಡೇ ನಡೆದಿದ್ದ. ಇದನ್ನು ಮಾಸ್ತರರು ನನಗೆ ಬಹಳ ವರ್ಷಗಳ ಮೇಲೆ, ಒಮ್ಮೆ ಮಾತ್ರ ಹೇಳಿದರು.

ಏಕೀಕರಣದ ಮಾತು ಜೋರಾಗಿದ್ದ ಕಾಲದಲ್ಲಿ ಕೊಲ್ಲಾಪುರದ ಕಡೆಯಿಂದ ಒಬ್ಬ ನಿರ್ದೇಶಕ ಬಂದ. ಕನ್ನಡ ನಾಡು ಒಂದಾದರೆ ಕನ್ನಡ ಸಿನಿಮಾಕ್ಕೆ ಊರುಗಳು ಹೆಚ್ಚಾಗುತ್ತವೆ, ಮಕ್ಕಳು ಮರಿ ಅಜ್ಜ ಅಜ್ಜಿ ಎಲ್ಲ ಕೂತು ನೋಡುವ ಚಿತ್ರ ಮಾಡಬೇಕು, ಎಲ್ಲರ ಮನೆಯಲ್ಲೂ ಇರುವ ಈ ಪುಸ್ತಕವೇ ಆಗಬೇಕು ಎಂದ. ಅವನಿಗೆ ಕನ್ನಡ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಪುಸ್ತಕದ ಸಾಲುಗಳನ್ನು ಮರಾಠಿಯಲ್ಲಿ ಬರೆದುಕೊಡುವ ಕೆಲಸಕ್ಕೆ ಮಾಸ್ತರರು ನನ್ನನ್ನು ಕರೆದರು. ಆಗಷ್ಟೇ ಪದವಿ ಮುಗಿಸಿದ್ದೆ. ಉಬ್ಬಿಹೋದೆ.

ಬೆಟಗೇರಿಯ ಅವರ ಪಡಸಾಲೆಯಲ್ಲಿ ನಡೆದ ಮಾತು ನನಗೆ ಹೀಗೆ ನೆನಪಿದೆ. ನಿರ್ದೇಶಕ ಚಹಾದ ಬಸಿಯನ್ನು ಕೆಳಗಿಟ್ಟು, "ಮಾಸ್ತರ, ಇಲಿ ಎಳಿ ಕಡಿಯೂದು ಬ್ಯಾಡ. ಇಲಿನ ಎಳಿ ಜೋಡಿಸಲಿ. ಈಗ ಎಲ್ಲಾ ಕೂಡೂ ಕಾಲ" ಎಂದ.

"ಇಲಿ ಕಡೀತೈತ್ರಿ ಸಾಹೇಬ್ರ. ಜೋಡ್ಸಾವ್ರು ನಾವು."

"ಮಂದಿಗೆ ಕಡಿಯೂದು ಬೇಕಾಗಿಲ್ಲ."

"ಇಲಿಗೆ ಬೇಕಾಗೈತೆಲ್ರಿ."

ಒಳಗಿನಿಂದ ಅವರ ತಾಯಿ ನಕ್ಕರು. ಆಗಲೇ ಕಣ್ಣು ಮಸುಕಾಗಿದ್ದ ಮುದುಕಿ; ಕಿವಿ ಮಾತ್ರ ಚುರುಕು. ನಿರ್ದೇಶಕನೂ ನಕ್ಕ. ಹಾಡು ಬೇಕು, ಒಬ್ಬ ಸಣ್ಣ ಹುಡುಗಿ ಬೇಕು, ಹಾಸ್ಯಕ್ಕೊಬ್ಬ ಸಾವುಕಾರ ಬೇಕು ಎಂದ. ಮಾಸ್ತರರು ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ ಹೇಳಿದರು: "ಏನರ ಮಾಡ್ಕೊಳ್ರಿ. ಗಂಟು ಒಂದ ಬಿಡಬ್ಯಾಡ್ರಿ. ನಮ್ಮವ್ವ ಅದನ್ನ ಕೇಳಾಕ ಬರ್ತಾಳ."

"ಗಂಟು ಬಿಟ್ಟರ ಸಿನಿಮಾ ಎಲ್ಲಿಂದು? ಅಖೇರಿಗೆ ಅದ ಬರತೈತಿ. ಭಾರಿ ದೊಡ್ಡದು ತೋರಸ್ತೀನಿ."

"ದೊಡ್ಡದು ಬ್ಯಾಡ್ರಿ. ಕಂಡ್ರ ಸಾಕು."

ಇಬ್ಬರೂ ಕೈ ಮುಗಿದುಕೊಂಡರು. ಇಬ್ಬರೂ ಒಂದೇ ಶಬ್ದ ಆಡಿದ್ದರು.

ಮಾಸ್ತರರು ಆಗ "ಎಳಿ ಗಂಟು" ಎಂದು ಬಿಡಿಸಿ ಹೇಳಿದರೇ? ಹೇಳಿದರು ಎಂದು ಮೂವತ್ತು ವರ್ಷ ವಾದಿಸಿದ್ದೇನೆ. ಹೇಳಿದ್ದರೆ ನಿರ್ದೇಶಕ ಮೋಸಗಾರ. ಹೇಳದಿದ್ದರೆ ತಪ್ಪನ್ನು ಬೇರೆಲ್ಲೋ ಹುಡುಕಬೇಕು. ನನಗೆ ಮೊದಲನೆಯದೇ ಬೇಕಾಗಿತ್ತು.

ಏಕೀಕರಣದ ಹಬ್ಬ ಮುಗಿದ ಹೊಸತರಲ್ಲಿ ಚಿತ್ರ ಗದಗಿಗೆ ಬಂತು. ಮಧ್ಯಾಹ್ನದ ಆಟಕ್ಕೆ ಮಾಸ್ತರರು ತಾಯಿಯನ್ನು ಟಾಂಗಾದಲ್ಲಿ ಕರೆತಂದರು. ಆಕೆ ಆ ಹಳೆಯ ಸೀರೆಯನ್ನೇ ಉಟ್ಟಿದ್ದರು. ಬಣ್ಣ ಹೋಗಿತ್ತು, ಮಡಿಕೆಗಳಲ್ಲಿ ಜಾಳಾಗಿತ್ತು. ನಾನು ಪಕ್ಕದಲ್ಲಿ ಕೂತೆ. ಪರದೆಯ ಮೇಲೆ ಆಗುವುದನ್ನೆಲ್ಲ ಮಾಸ್ತರರು ತಾಯಿಯ ಕಿವಿಯಲ್ಲಿ ಹೇಳುತ್ತಿದ್ದರು. ಮಗ್ಗ ಬಂತು, ಇಲಿ ಬಂತು. ಇಲಿ ಕಡಿಯಲಿಲ್ಲ, ಹಾಡಿತು. ಮಾಸ್ತರರು ಅದನ್ನೂ ಹೇಳಿದರು. ಮುದುಕಿ, "ಹಾಡ್ತೈತಿ? ಹಾಡ್ಲಿ ಬಿಡು. ಗಂಟು ಬಂತೇನು?" ಎಂದರು.

"ಇನ್ನೂ ಇಲ್ಲವ್ವಾ."

ಎರಡು ಹಾಡಾದ ಮೇಲೆ ಮತ್ತೆ, "ಗಂಟು?"

"ತಡಿ, ಅಖೇರಿಗೆ ಬರತೈತಿ."

ಅಖೇರಿಗೆ ಬಂತು. ಇಲಿ ಗೋಡೆಯ ಬುಡ ಕೆರೆಯಿತು. ಹುಡುಗಿ ಅಲ್ಲಿ ಅಗೆದಳು. ಕೆಂಪು ಬಟ್ಟೆಯಲ್ಲಿ ಕಟ್ಟಿದ, ಕುಂಬಳಕಾಯಿ ಗಾತ್ರದ ಗಂಟೊಂದು ಹೊರಬಂತು. ಬಿಚ್ಚಿದರೆ ತುಂಬ ಬಂಗಾರ. "ಇಲಿ ಹೋಯಿತು, ಗಂಟು ಉಳಿಯಿತು!" ಎಂದು ಹುಡುಗಿ ಕೂಗಿದಳು. ನೇಕಾರರ ಮನೆಗೆ ಮಾಳಿಗೆ ಎದ್ದಿತು. ಹೊಸ ನಾಡಿಗೆ ಜಯ ಕೋರುವ ಅಕ್ಷರಗಳು ಮೂಡಿದವು. ಟಾಕೀಜು ಒಡೆದುಹೋಗುವ ಹಾಗೆ ಚಪ್ಪಾಳೆ ಬಿತ್ತು.

ಮಾಸ್ತರರು ತಾಯಿಯ ಕಿವಿಯಿಂದ ಬಾಯಿ ತೆಗೆದಿದ್ದರು.

"ಯಾಕಪಾ ಸುಮ್ಮನಾದಿ? ಗಂಟು ಅಂದ್ಳಲ್ಲ ಹುಡುಗಿ. ಬಂತಿಲ್ಲೋ?"

"ಬಂಗಾರದ ಗಂಟವ್ವಾ."

ಮುದುಕಿ ಸೆರಗನ್ನು ಬೆರಳಲ್ಲಿ ತಡವಿದರು. "ಯಾರ ಮನಿ ಇಲಿನೋ ಏನೋ. ನಮ್ಮ ಮನೀದಲ್ಲ. ನಡಿ" ಎಂದರು.

ಹೊರಗೆ ಹಾರ ಹಾಕಿಸಿಕೊಂಡು ನಿಂತಿದ್ದ ನಿರ್ದೇಶಕನ ಎದುರು ನಾನು ಕೂಗಾಡಿದೆ. ಕಳ್ಳ ಎಂದೆ. ಬಡವರ ಕಥೆಯಲ್ಲಿ ಬಂಗಾರ ಹೂಳಿ ಎಲ್ಲರನ್ನೂ ಭಿಕಾರಿ ಮಾಡಿದಿರಿ ಎಂದೆ. ಆತ ನಿಜಕ್ಕೂ ಬೆರಗಾಗಿ, "ಪುಸ್ತಕದಾಗ ಇದ್ದದ್ದ ತೋರಿಸೇನ್ರಿ! ನೀವ ಬರದು ಕೊಟ್ಟದ್ದು!" ಎಂದ. ನಾನು ಅದನ್ನು ನಾಟಕ ಎಂದುಕೊಂಡೆ. ಮಾಸ್ತರರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಸಿಟ್ಟು ಯಾರ ಮ್ಯಾಲ ಬಂದೈತಿ, ಮೊದಲ ಅದನ್ನ ನೋಡ್ಕೋ."

ಹೀಗೇ ಅಂದರೋ, "ಸಿಟ್ಟ ಬ್ಯಾಡ" ಎಂದಷ್ಟೇ ಅಂದರೋ, ಆಣೆ ಮಾಡಿ ಹೇಳಲಾರೆ.

ಕೆಟ್ಟದ್ದು ಆಮೇಲೆ ಶುರುವಾಯಿತು. ಪ್ರಕಾಶಕ ಪುಸ್ತಕದ ಹೊಸ ಮುದ್ರಣ ತಂದ; ರಕ್ಷಾಪುಟದ ಮೇಲೆ ಕೆಂಪು ಬಟ್ಟೆಯ ಬಂಗಾರದ ಗಂಟು. ಮಾಸ್ತರರನ್ನು ಒಂದು ಮಾತೂ ಕೇಳಲಿಲ್ಲ. ಶಿರಹಟ್ಟಿಯಿಂದ ಒಬ್ಬ ತಂದೆ ಹಳೆಯ ಪ್ರತಿ ಹಿಡಿದು ಬಂದು, "ಮಾಸ್ತರ, ಇದರಾಗ ಬಂಗಾರನ ಇಲ್ಲಲ್ರಿ, ಛಾಪಾ ತಪ್ಪಿತೇನು?" ಎಂದು ಅವರನ್ನೇ ಕೇಳಿದ. ಹುಡುಗರು ಮಗ್ಗದ ಕುಣಿಗಳನ್ನು ಕೋಲಿನಿಂದ ಕೆದರತೊಡಗಿದರು. ಕಡಿದ ಎಳೆಗೆ ಗಂಟು ಹಾಕಿ ಮಾನದಿಂದ ಬದುಕಿದವಳ ಕಥೆ, ನೆಲ ಅಗೆದರೆ ಐಶ್ವರ್ಯ ಸಿಗುತ್ತದೆ ಎನ್ನುವ ಕಥೆಯಾಯಿತು. ಎಲ್ಲರೂ ಅದನ್ನೇ ಮೆಚ್ಚಿದರು. ಆ ಮೆಚ್ಚುಗೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಾಸ್ತರರು ಮತ್ತೆ ಪುಸ್ತಕ ಮಾಡಲಿಲ್ಲ. ಎರಡು ತಾಸು ನೇಯ್ದು ಶಾಲೆಗೆ ನಡೆದು ಬರುವುದು, ರಬ್ಬರ್ ಎಸೆಯುವುದು ಮಾತ್ರ ಹಾಗೇ ನಡೆಯಿತು. ತಾಯಿ ತೀರಿದಾಗ ಆ ಸೀರೆಯನ್ನೇ ಹೊದಿಸಿದರು. ನಾನು ಯಾವಾಗ ಹೋದರೂ ನಿರ್ದೇಶಕನನ್ನು ಬೈಯುತ್ತಿದ್ದೆ. ಅವರು ಕೇಳಿ, "ಚಹಾ ಕುಡಿ, ಆರತೈತಿ" ಎನ್ನುತ್ತಿದ್ದರು.

ಮಾಸ್ತರರು ತೀರಿಹೋದಾಗ ನಾನು ಮುಂಡರಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಖಬರ್ ತಡವಾಗಿ ಮುಟ್ಟಿತು. ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹೆಂಡತಿ ಒಂದು ತಗಡಿನ ಪೆಟ್ಟಿಗೆ ಮುಂದಿಟ್ಟು, "ನಿಮ್ಮ ಕಾಗದ ಅದಾವಂತ್ರಿ ಇದರಾಗ. ನೀವು ಕೇಳಿದ್ರಷ್ಟ ಕೊಡು ಅಂದಿದ್ರು. ನೀವು ಕೇಳಲಿಲ್ಲ. ಈಗ ಒಯ್ರಿ" ಎಂದರು.

ನಾನು ನಿರ್ದೇಶಕನಿಗೆ ಬರೆದುಕೊಟ್ಟ ಮರಾಠಿ ಸಾಲುಗಳ ಕಾರ್ಬನ್ ಪ್ರತಿ ಅದರಲ್ಲಿತ್ತು. ಮರಾಠಿಯಲ್ಲಿ ಎಳೆಯ ಗಂಟಿಗೆ ಗಾಠ ಎನ್ನುತ್ತಾರೆ. ಬಟ್ಟೆಯಲ್ಲಿ ಕಟ್ಟಿದ ಗಂಟಿಗೆ ಗಾಠೋಡೆ. ನಮ್ಮ ಮನೆಯಲ್ಲಿ ಯಾರೂ ಮಗ್ಗದ ಹತ್ತಿರ ಕೂತವರಲ್ಲ. ಚಿಕ್ಕಂದಿನಿಂದ ಆ ಪುಟ ತೆರೆದಾಗಲೆಲ್ಲ ನನ್ನ ಕಣ್ಣು ಮೂಲೆಯ ನೂಲಿನ ಮೂಟೆಯ ಮೇಲೆ ನಿಂತಿತ್ತೇ ಹೊರತು ಸೆರಗಿನ ಚುಕ್ಕೆಯ ಮೇಲಲ್ಲ ಎಂದು ಈಗ ಅನ್ನಿಸುತ್ತದೆ. ಅದೂ ನಾನೇ ಕಟ್ಟಿಕೊಂಡ ನೆವ ಇರಬಹುದು.

ಆ ಪ್ರತಿಯನ್ನು ಮುಂಡರಗಿಗೆ ಒಯ್ದು, ನನ್ನ ಕಾಲೇಜಿನ ಹಳೆಯ ಮರಾಠಿ ನೋಟುಪುಸ್ತಕದ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಹದಿನಾರನೆಯ ಸಾಲಿನಲ್ಲಿ ಇರುವ ಶಬ್ದ ಗಾಠೋಡೆ. ಅದರ ಬಾಜೂಕ, ಅಳಿಸದೆ, ತಿದ್ದದೆ, ಪೆನ್ಸಿಲಿನಲ್ಲಿ ಮಾಸ್ತರರು ಬರೆದಿದ್ದಾರೆ: ಗಾಠ. ಗಾಠೋಡೆಯ ಕೈಬರಹ ನನ್ನದು.