ಅಜ್ಜಿಯ ಎರಡು ಮೊಳ

ಡಿಪ್ಲೊಮಾದ ಮೊದಲ ವರ್ಷ ನನ್ನ ತಲಿ ಕೆಟ್ಟದ್ದು ಗಣಿತದಿಂದಲ್ಲ, ಅಳತಿಯಿಂದ. ಸಾಂಗ್ಲಿಯ ಕಾಲೇಜಿನಾಗ ಸರ್ ಎಲ್ಲಾ ಮಿಲಿಮೀಟರಿನಾಗ ಬರಸ್ತಿದ್ರು. ಮನಿಗೆ ಬಂದ್ರ ಅಪ್ಪನ ಅರಿಶಿಣದ ಅಂಗಡಿ ಕಪಾಟು ಫೂಟಿನಾಗ. ಮಿರಜದ ವೆಲ್ಡಿಂಗ್ ಕಾಕಾನ ಬಾಯಾಗ ಬರೇ ಸೂತ, ಒಂದು ಇಂಚಿಗೆ ಎಂಟು. "ಉದ್ದ ಅನ್ನೋದು ಒಂದ, ಮಾನಗಳಷ್ಟ ಬ್ಯಾರೆ" ಅಂತ ಸರ್ ಮರಾಠಿಯೊಳಗ ಹೇಳ್ತಿದ್ರು. ನಾನೂ ತಲಿ ಅಲ್ಲಾಡಿಸ್ತಿದ್ದೆ. ತಿಳಿದಿತ್ತೇನು? ಸುಳ್ಳು ಯಾಕ ಹೇಳ್ಲಿ, ತಿಳಿದಿರಲಿಲ್ಲ.

ಆ ಮಳೆಗಾಲದಾಗ ಅಜ್ಜಿ ಬಚ್ಚಲದಾಗ ಜಾರಿ ಬಿದ್ದು ಸೊಂಟದ ಎಲುಬು ಮುರಕೊಂಡ್ಲು. ಮಿರಜದ ದವಾಖಾನ್ಯಾಗ ಆಪರೇಶನ್ ಆತು. ಮಲಗಿದಲ್ಲೇ ಒಂದಕ್ಕ ಎರಡಕ್ಕ ಪಾತ್ರಿ ಇಟ್ಟಾಗೆಲ್ಲಾ ಮುಖ ಗ್ವಾಡಿ ಕಡೆ ತಿರುವತಿದ್ಲು. ಒಂದಿನ ನನ್ನ ಕೈ ಹಿಡದು ಹೇಳಿದ್ಲು: "ಮನ್ಯಾಗ ನನ್ನ ಯಾರೂ ಪಾಯಖಾನಿಗೆ ಎತಗೊಂಡು ಹೋಗಬಾರ್ದು ನೋಡು. ಒಳಗಿನ ಚಿಲಕ ನಾನ ಹಾಕೋಬೇಕು. ಅಲ್ಲಿ ಗ್ವಾಡಿಗೆ, ನೆಲದಿಂದ ಎರಡು ಮೊಳಕ್ಕ ಒಂದು ಗಟ್ಟಿ ಹಿಡಿಕಿ ಹಾಕಿಸು. ಎಂಜಿನಿಯರ್ ಆಗಾಕಿ ನೀನ ಅಲ್ಲ?"

ನಾ ಉಬ್ಬಿ ಹೋದೆ. ಪುಸ್ತಕದ ಹಿಂದಿನ ಕೋಷ್ಟಕದಾಗ ಮೊಳ ಅಂದ್ರ ಹದಿನೆಂಟು ಇಂಚು ಅಂತ ಇತ್ತು. ಎರಡು ಮೊಳಕ್ಕ ಮೂವತ್ತಾರು. ಇಪ್ಪತ್ತೈದು ಪಾಯಿಂಟ್ ನಾಕರಿಂದ ಗುಣಿಸಿ, ಒಂಬತ್ತನೂರಾ ಹದಿನಾಲ್ಕು ಪಾಯಿಂಟ್ ನಾಕು ಮಿಲಿಮೀಟರ್ ಅಂತ ಚೀಟಿ ಮ್ಯಾಲೆ ಬರದು, ಹಿಡಿಕಿ ಕೂಡಸಾಕ ಮನಿಗೆ ಬಂದ ಕಾಕಾನ ಕೈಯಾಗ ಕೊಟ್ಟೆ.

"ಇದರ ಸೂತ ಎಷ್ಟವಾ?" ಅಂದ ಕಾಕಾ.

ಮತ್ತ ಲೆಕ್ಕಾ ಮಾಡಿ, "ಇನ್ನೂರಾ ಎಂಬತ್ತೆಂಟು" ಅಂದೆ.

"ಮೂರು ಫೂಟ ಅನ್ನಬಾರ್ದೇನು ಮತ್ತ" ಅಂತ ನಕ್ಕೋತ ಗ್ವಾಡಿಗೆ ತೂತು ಹೊಡದ.

ಅಜ್ಜಿ ಮನಿಗೆ ಬಂದ್ಲು. ವಾಕರ್ ಹಿಡಕೊಂಡು ಪಾಯಖಾನಿ ತನಕ ನಡದ್ಲು. ಹಿಡಿಕಿಗೆ ಕೈ ಚಾಚಿದ್ರ ಮೊಣಕೈ ಎದಿ ಮಟ್ಟಕ್ಕ ಏರ್ತು, ಭಾರ ಹಾಕಾಕ ಬರಲಿಲ್ಲ, ಕಾಲು ನಡುಗಿದ್ವು. ನಾ ಹಿಂದಿಂದ ಹಿಡಕೊಂಡೆ. ಅವ್ವ ಓಡಿ ಬಂದ್ಲು. ಬಾಗಿಲಾ ತೆರದ ಉಳೀತು. ಆವತ್ತಿನಿಂದ ಅಜ್ಜಿ ಚಹಾ ಬಿಟ್ಲು, ನೀರು ಅರ್ಧಕ್ಕ ಇಳಿಸಿದ್ಲು. ಪಾಯಖಾನಿಗೆ ಹೋಗೋದು ಕಡಿಮಿ ಆಗ್ಲಿ ಅಂತ, ಕೇಳೋದ ಬ್ಯಾಡ. ನನಗ ನನ್ನ ಮ್ಯಾಲೇ ಸಿಟ್ಟು ಬಂತು. ಇಂಚಿನಿಂದ ಮಿಲಿಮೀಟರ್, ಮಿಲಿಮೀಟರಿನಿಂದ ಸೂತ, ಮೂರು ಸಲ ತಾಳೆ ನೋಡಿದೆ. ಎಲ್ಲಾ ಬರೋಬ್ಬರಿ. ಹಂಗಾದ್ರ ತಪ್ಪಿದ್ದು ಎಲ್ಲಿ? ಹುಚ್ಚು ಹಿಡಿಯೋದೊಂದು ಬಾಕಿ ಇತ್ತು.

ಮೂರನೇ ದಿನ ಹೂವಿನಾಕಿ ಬಂದ್ಲು. ಅಜ್ಜಿ ಕಾಟಿನ ಮ್ಯಾಲಿಂದಲೇ ಕೈ ಚಾಚಿ, "ನಿನ್ನ ಕೈ ಬ್ಯಾಡ, ನನ್ನ ಕೈಲೆ ಅಳಿ" ಅಂದ್ಲು. ನಾ ಸಣ್ಣಾಕಿ ಇದ್ದಾಗಿಂದ ಕೇಳಿದ ಜಗಳಾ ಇದು. ಹೂವಿನಾಕಿ ಅಳತಿ ಕಡಿಮಿ ಹಾಕ್ತಾಳ ಅಂತ ಅಜ್ಜಿಗೆ ಸಂಶಯ. ಖರೇ ಅಂದ್ರ ಹೂವಿನಾಕಿ ಕೈನ ಉದ್ದ. ಅಜ್ಜಿ ದಿನಾ ನಾಕು ಬಟ್ಟು ಮಲ್ಲಿಗಿ ಕಳಕೊಂಡು, ಗೆದ್ದೆ ಅನ್ಕೋತಿದ್ಲು. ಹೂವಿನಾಕಿ ನಗು ನುಂಗಿ ಅಳದು ಕೊಡ್ತಿದ್ಲು.

ನಾ ಅಲ್ಲೇ ಕುಂತಬಿಟ್ಟೆ. ಟೇಪ್ ತಂದು ಅಜ್ಜಿ ಮೊಣಕೈಯಿಂದ ನಡು ಬಟ್ಟಿನ ತನಕ ಹಿಡದೆ. ಹದಿನೈದೂವರಿ ಇಂಚು. ಎರಡು ಮೊಳಕ್ಕ ಐದು ಇಂಚು ಫರಕು. ನೂರಾ ಇಪ್ಪತ್ತೇಳು ಮಿಲಿಮೀಟರ್, ನಲವತ್ತು ಸೂತ, ಯಾವ ಭಾಷಾದಾಗ ಹೇಳಿದ್ರೂ ಅಷ್ಟ. ಅಜ್ಜಿ ಹೇಳಿದ್ದು ತನ್ನ ಮೊಳ. ನಾ ಹಾಕಿಸಿದ್ದು ಪುಸ್ತಕದ್ದು.

ಮತ್ತ ಕಾಕಾನ ಕರಸಿದೆ. ಈ ಸಲ ಚೀಟಿ ಬರೀಲಿಲ್ಲ. ಹೂವಿನ ದಾರ ಅಜ್ಜಿ ಕೈಗೆ ಹಚ್ಚಿ ಎರಡು ಮೊಳ ಅಳದು, ಗಂಟು ಹಾಕಿ, ನೆಲದಿಂದ ಗ್ವಾಡಿಗೆ ಹಿಡದೆ.

"ಎಷ್ಟಾತವಾ?"

"ಕೇಳಬ್ಯಾಡ್ರಿ ಕಾಕಾ. ಇಷ್ಟ."

ಹಳೀ ತೂತು ಸಿಮೆಂಟ್ ಮೆತ್ತಿದ್ರೂ ಈಗೂ ಕಾಣ್ತಾವ.

ಮರುದಿನ ಅಜ್ಜಿ ಒಳಗ ಹೋದ್ಲು. ನಾ ಹೊರಗ ಬಾಗಿಲ ಹತ್ರ ನಿಂತೆ. ಚಿಲಕ ಬಿತ್ತು.

"ಅಲ್ಲೇ ಯಾಕ ನಿಂತೀ? ಅತ್ತಾಗ ಹೋಗು" ಅಂತ ಒಳಗಿಂದ ಬೈದ್ಲು. ಆಮ್ಯಾಲೆ ದನಿ ಸಣ್ಣ ಮಾಡಿ ಅಂದ್ಲು: "ಚಹಾಕ್ಕ ಇಡು. ಕಪ್ಪು ತುಂಬ ಹಾಕು."