ಉಯ್ಯಾಲೆಯ ಮೇಲೆ ಕಲೆಕ್ಟರ್ ದೊರೆ

ಉಯ್ಯಾಲೆಯಲ್ಲಿ ಕುಳಿತು ಎಲೆಯಡಿಕೆ ಮೆಲ್ಲುವ ಇಂಗ್ಲಿಷ್ ಕಲೆಕ್ಟರನನ್ನು ನೀವು ನೋಡಿದ್ದೀರಾ? ನಾನು ಕಳೆದ ಭಾನುವಾರ ನೋಡಿದೆ. ಬೆಳ್ತಂಗಡಿ ಹತ್ತಿರದ ಶಾಲೆಯೊಂದರಲ್ಲಿ, ಕಾದಂಬರಿಯ ಒಳಗೆ.

ಬರೆದವರು ಗೆಳೆಯ ವಾಸು ಮಾಸ್ಟ್ರು. (ಹೆಸರು ಬದಲಿಸಿದ್ದೇನೆ. ಕಾರಣ ನಿಮಗೇ ತಿಳಿಯುತ್ತದೆ.) ಶಾಲೆಯಲ್ಲಿ ಪಾಠ, ಊರಿನ ಧಣಿಗಳ ಜಾಗದಲ್ಲಿ ಒಕ್ಕಲು. ಇನ್ನೂ ಅಚ್ಚಾಗದ ಕಾದಂಬರಿಯನ್ನು ನಾಲ್ಕು ಜನರ ಎದುರು ಓದುವ ಕಾರ್ಯಕ್ರಮ. ಅಧ್ಯಕ್ಷತೆ ಅದೇ ಧಣಿಗಳದ್ದು. ಬೇರೆ ಯಾರನ್ನಾದರೂ ಕೂರಿಸಲು ಸಾಧ್ಯವೇ?

ಬಿಳಿಯರು ಹೋಗಿ ಹತ್ತು ಹದಿನೈದು ವರ್ಷವಾದರೂ ನಮ್ಮ ಕಾದಂಬರಿಗಳಲ್ಲಿ ಅವರಿಗೆ ಇನ್ನೂ ಕೈತುಂಬ ಕೆಲಸ. ಕೆಂಪು ಮುಖ, ಹ್ಯಾಟು, ಚಾಟಿ ಕೊಟ್ಟರೆ ಸಾಕು, ಉಳಿದದ್ದನ್ನು ಓದುಗರೇ ತುಂಬಿಕೊಳ್ಳುತ್ತಾರೆ. ಮಾಸ್ಟ್ರ ದೊರೆಗೆ ಇವೆಲ್ಲ ಇದ್ದವು. ಆದರೆ ಅವನೆದುರು ರೈತರು ಹೆಗಲಿನ ಬೈರಾಸು ತೆಗೆದು ಸೊಂಟಕ್ಕೆ ಕಟ್ಟಿ ಅಂಗಳದಲ್ಲೇ ನಿಲ್ಲಬೇಕಿತ್ತು. ಚೌತಿಗೆ ಬಾಳೆಗೊನೆ ಒಪ್ಪಿಸಬೇಕಿತ್ತು. ಇಂಗ್ಲೆಂಡಿನವರಿಗೆ ಚೌತಿ ಯಾವಾಗಿನಿಂದ?

ಓದಿನ ನಡುವೆ ಚಹಾದ ಹೊತ್ತಿಗೆ ಕೇಳಿಯೇ ಬಿಟ್ಟೆ.

"ಬಿಳಿಯರನ್ನು ಹತ್ತಿರದಿಂದ ನೋಡಿದ್ದುಂಟಾ ಮಾಸ್ಟ್ರೆ?"

"ಎಲ್ಲಿಂದ ಮಾರಾಯ್ರೆ! ನನಗೆ ಗೊತ್ತಿರುವ ದೊರೆ ಒಬ್ಬರೇ." ಅವರ ಕಣ್ಣು ಅಧ್ಯಕ್ಷರ ಕುರ್ಚಿಯ ಕಡೆ ಹೋಯಿತು. "ಮೆಲ್ಲ ಮಾತಾಡಿ. ಅವರಿಗೆ ಗೊತ್ತಾದ್ರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳ್ತೇನೆ."

ನನಗೂ ಹೆದರಿಕೆಯಾಯಿತು. ಧಣಿಗಳು ದಡ್ಡರೇನಲ್ಲ.

ಓದು ಮುಗಿಯಿತು. ಧಣಿಗಳು ಎದ್ದು ನಿಂತರು. ಮಾಸ್ಟ್ರು ಹಾಳೆಗಳನ್ನು ಎದೆಗೆ ಒತ್ತಿಕೊಂಡರು.

"ಎಂಥ ಕ್ರೂರ ಜನ ಮಾರಾಯ್ರೆ ಈ ಬಿಳಿಯರು! ಪಾಪದವರನ್ನು ಅಂಗಳದಲ್ಲಿ ನಿಲ್ಲಿಸುವುದಂತೆ! ಮಾಸ್ಟ್ರೆ, ಇದನ್ನು ಅಚ್ಚು ಮಾಡಿಸುವ, ಖರ್ಚು ನನ್ನದಿರಲಿ. ನಮ್ಮ ಮಕ್ಕಳಿಗೆ ಗೊತ್ತಾಗಬೇಕು."

ಮುಂದಿನ ಸಾಲಿನವರು ಜೋರಾಗಿ ಚಪ್ಪಾಳೆ ತಟ್ಟಿದರು. ಮಾಸ್ಟ್ರು ಬೆವರೊರೆಸಿಕೊಂಡರು. ಹೇಳಬಾರದು, ಆದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಬಿಳಿ ಬಣ್ಣ ಬಳಿದು ತೋರಿಸಿದರೆ ಮನುಷ್ಯನಿಗೆ ಸ್ವಂತ ಮುಖದ ಗುರುತೂ ಸಿಗುವುದಿಲ್ಲವೇ?

ಧಣಿಗಳ ಒಕ್ಕಲಿನವರು ಕೆಲವರು ಹೊರಗೆ ನಿಂತು ಕಿಟಕಿಯಿಂದ ಕೇಳಿದ್ದರು. ಅವರು ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ನಾವು ಹೊರಡುವಾಗ ಅವರಲ್ಲಿ ಹಿರಿಯನಾದ ತನಿಯಪ್ಪ ಮಾಸ್ಟ್ರನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದ:

"ಕಡೆಗೆ ಆ ದೊರೆ ಹಡಗು ಹತ್ತಿ ಹೋದ ಅಂತ ಓದಿದ್ರಲ್ಲ, ನಮ್ಮ ಧಣಿಗಳು ಯಾವಾಗ ಹತ್ತುವುದು?"