ಕಮಿಟಿ ಕಟ್ಟಿದ ಕಂಪ್ಯೂಟರ್

ತಣಿಕಾಚಲಂ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದ. ಅಷ್ಟೂ ವರ್ಷ ಒಂದೇ ರೂಟು: ಪೆರಂಬೂರಿನಿಂದ ಬೀಚು, ಬೀಚಿನಿಂದ ಪೆರಂಬೂರು. ಆ ದಾರಿಯಲ್ಲಿ ಅವನು ಹತ್ತಿದ ದೊಡ್ಡ ಏರು ಎಂದರೆ ರೈಲ್ವೆ ಮೇಲ್ಸೇತುವೆ. ಅವನ ಜೀವ ಮಾತ್ರ ಕೊಲ್ಲಿಮಲೆಯ ಘಾಟಿಯ ಮೇಲಿತ್ತು. ಎಪ್ಪತ್ತು ತಿರುವು. ಮದುವೆಯಾದ ಹೊಸತರಲ್ಲಿ ಹೆಂಡತಿ ಅಂಜಲೈಯನ್ನು ಅಲ್ಲಿಗೆ ಕರೆದೊಯ್ದಾಗ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಎಪ್ಪತ್ತೂ ತಿರುವನ್ನು ಅವನ ಭುಜದ ಮೇಲಿಂದ ನೋಡಿದ್ದ. ಪಕ್ಕದಲ್ಲಿ ಹೆಂಡತಿ ವಾಂತಿ ಮಾಡಿಕೊಂಡದ್ದು ಇವನಿಗೆ ಗೊತ್ತೇ ಆಗಲಿಲ್ಲ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ.

ಬೆಟ್ಟದ ಕಡೆಯ ಡಿಪೋಗೆ ಹಾಕಿಸಿ ಎಂದು ಅವನು ನಮ್ಮ ಯೂನಿಯನ್ ಮೂಲಕ ಹನ್ನೊಂದು ಅರ್ಜಿ ಕೊಟ್ಟ. ಹನ್ನೊಂದು ಸಲವೂ ಅಧ್ಯಕ್ಷ ಪರಂಧಾಮನ್, "ಕೊಟ್ಟು ಹೋಗಪ್ಪಾ, ಪರಿಶೀಲಿಸ್ತೀವಿ" ಎಂದರು. ಒಂದು ಸಲ ಅವನ ಬದಲು ಅಧ್ಯಕ್ಷರ ಭಾಮೈದ ಬೆಟ್ಟಕ್ಕೆ ಹೋದ. ಇನ್ನೊಂದು ಸಲ ಭಾಮೈದನ ಪಕ್ಕದ ಮನೆಯವನು ಹೋದ. ಅವನಿಗೆ ಎರಡನೇ ತಿರುವಿಗೇ ತಲೆಸುತ್ತು. ಯೂನಿಯನ್ನಿನ ನಡಾವಳಿ ಬರೆಯುವವನು ನಾನೇ ಆದ್ದರಿಂದ ಹನ್ನೊಂದೂ ಅರ್ಜಿಯನ್ನು ಫೈಲಿಗೆ ಚುಚ್ಚಿದ ಕೈ ನನ್ನದೇ. ನಿವೃತ್ತಿಯ ದಿನ ಅವನಿಗೊಂದು ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ದಣಿವರಿಯದ ಹೋರಾಟಗಾರ ಎಂದು ಹೊಗಳಿ ಕಳಿಸಿದೆವು. ಗಡಿಯಾರ ಮೂರು ತಿಂಗಳಿಗೆ ನಿಂತಿತು.

ಆಮೇಲೊಂದು ದಿನ ಟೀ ಅಂಗಡಿಯಲ್ಲಿ ಯಾರೋ ಫೋನಿನಲ್ಲಿ ತೋರಿಸಿದರು. ಒಬ್ಬ ಕಂಪ್ಯೂಟರ್ ಮುಂದೆ ಕೂತು, ಪುಟ್ಟ ಸ್ಟೇರಿಂಗ್ ಹಿಡಿದು, ಘಾಟಿಯಲ್ಲಿ ಬಸ್ಸು ಓಡಿಸುತ್ತಿದ್ದ. ಆಟವಂತೆ. ಹಾರ್ನು, ಟಿಕೆಟ್ಟು, ಅಡ್ಡ ಬರುವ ದನ ಎಲ್ಲ ಇದೆಯಂತೆ. ತಣಿಕಾಚಲಂನ ಕೈಯಲ್ಲಿದ್ದ ಟೀ ಆರಿಹೋಯಿತು.

ತಡೆಹಿಡಿದಿದ್ದ ಭತ್ಯೆ ಕೈಗೆ ಬಂದಾಗ ಅದರಲ್ಲಿ ಐವತ್ತು ಸಾವಿರ ಬೇರೆ ಎತ್ತಿಟ್ಟ.

"ಮೂವತ್ತು ವರ್ಷ ತಿರುಗಿಸಿದ್ದು ಸಾಲ್ದೇನಯ್ಯಾ?" ಎಂದಳು ಅಂಜಲೈ. "ಮನೇಲೂ ತಿರುಗಿಸ್ಬೇಕಾ?"

"ಅದು ಸಪಾಟು ರಸ್ತೆ ಕಣೇ."

"ಐವತ್ತರ ಮೇಲೆ ಒಂದು ರೂಪಾಯಿ ಎತ್ತಿದ್ರೆ ಆ ಸ್ಟೇರಿಂಗನ್ನ ಮೀನಿನ ಸಾರಿಗೆ ಹಾಕ್ತೀನಿ. ಪರದೆಗೆ ಮನೆ ಟಿವೀನೇ ಇಟ್ಕೋ. ಆದ್ರೆ ಸಂಜೆ ಆರರ ಮೇಲೆ ಟಿವಿ ನಂದು."

ಕಂಪ್ಯೂಟರಿನ ಬಿಡಿಭಾಗ ಮಾರುವ ರಿಚೀ ಸ್ಟ್ರೀಟಿನಲ್ಲಿ ಭವರ್‌ಲಾಲ್ ಸೇಟು ಕೂರುವ ಗೂಡಿದೆ. ಅದೇ ಗೂಡಿನಲ್ಲಿ ಅವನಪ್ಪ ರೇಡಿಯೋ ವಾಲ್ವು ಮಾರುತ್ತಿದ್ದ. ಸೇಟು ಹಳೇ ಬಿಲ್ಲಿನ ಹಿಂದೆ ಪಟ್ಟಿ ಬರೆದುಕೊಟ್ಟ.

"ಅಣ್ಣೇ, ಬಸ್ಸಿನ ಆಟಕ್ಕೆ ಗ್ರಾಫಿಕ್ಸ್ ಕಾರ್ಡೇ ಎಂಜಿನ್ನು, ದುಡ್ಡು ಅಲ್ಲಿ ಹಾಕು. ಪ್ರೊಸೆಸರು ಮಧ್ಯಮದ್ದು ಸಾಕು. ಪವರ್ ಸಪ್ಲೈ ಮಾತ್ರ ಅಗ್ಗದ್ದು ತಗೋಬೇಡ, ಅದು ಬ್ರೇಕಿದ್ದ ಹಾಗೆ. ಪೆಟ್ಟಿಗೆ ತಗಡಿಂದಾದ್ರೂ ನಡೀತದೆ."

ಸ್ಟೇರಿಂಗೂ ಸೇರಿ ಐವತ್ತರ ಒಳಗೇ ಮುಗಿದಿತ್ತು. ಅವತ್ತೇ ಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ನಮ್ಮವರಿಗೆ ಕಮಿಟಿಯ ಮುಂದಿಡದೆ ಚಪ್ಪಲಿ ಕೊಂಡೂ ಅಭ್ಯಾಸವಿಲ್ಲ. ತಣಿಕಾಚಲಂ ಮಗಳ ಮದುವೆಯ ದಿನವನ್ನೂ ಯೂನಿಯನ್ನಿನಲ್ಲಿ ಕೇಳಿಯೇ ಗೊತ್ತು ಮಾಡಿದ್ದ. ಪಟ್ಟಿ ಹಿಡಿದು ನೇರ ಯೂನಿಯನ್ ಹಾಲಿಗೆ ಬಂದ.

ಹದಿಮೂರು ಜನ ಸೇರಿದೆವು. ಹನ್ನೆರಡು ಜನ ಕಂಪ್ಯೂಟರನ್ನು ಮುಟ್ಟಿದವರಲ್ಲ. ಹದಿಮೂರನೆಯವನ ಕಾಲ ಮೇಲೆ ಒಮ್ಮೆ ಒಂದು ಬಿದ್ದಿತ್ತು, ಅವನನ್ನೇ ತಜ್ಞನೆಂದು ಕೂರಿಸಿದೆವು. ಹಾಲಿನಲ್ಲಿ ಎರಡು ಬಣ. ಗೋಡೆಯ ಈ ಕಡೆ ಕೆಂಪು ಬಾವುಟ, ಪರಂಧಾಮನ್ ಅವರದು. ಆ ಕಡೆ ನೀಲಿ ಬಾವುಟ, ಉಪಾಧ್ಯಕ್ಷ ಆದಿಮೂಲಂ ಅವರದು. ಬಣ ಒಡೆದದ್ದು ತತ್ವಕ್ಕೆ ಎಂದು ಇಬ್ಬರೂ ಹೇಳುತ್ತಾರೆ. ಮೈಕ್‌ಸೆಟ್ಟು ಯಾರ ಮನೆಯಲ್ಲಿರಬೇಕು ಎಂಬುದಕ್ಕೆ ಒಡೆದದ್ದು ಎಂದು ನಡಾವಳಿಯಲ್ಲಿದೆ.

ಪ್ರೊಸೆಸರ್ ಮಾಡುವ ಕಂಪನಿಗಳು ಎರಡು. ಒಂದರ ಡಬ್ಬಿಗೆ ಕೆಂಪು ಬಣ್ಣ, ಇನ್ನೊಂದರದಕ್ಕೆ ನೀಲಿ ಎಂದು ತಜ್ಞ ಬಾಯಿಬಿಟ್ಟ. ಅಷ್ಟು ಸಾಕಾಯಿತು.

"ನಮ್ಮ ಕಾರ್ಮಿಕನ ಮನೇಲಿ ಕೆಂಪು ಇರದೆ ಇನ್ನೇನಿರುತ್ತೆ?" ಎಂದು ಪರಂಧಾಮನ್ ಮೇಜು ಗುದ್ದಿದರು.

"ಹಾಗಾದ್ರೆ ನಾವೇನು ಮಾಲೀಕ ಮುದಲಾಳಿಗೆ ಹುಟ್ಟಿದವರಾ ತಲೈವರೇ?" ಎಂದು ಆದಿಮೂಲಂ ಎದ್ದು ನಿಂತರು.

ಎರಡೂ ಕಂಪನಿಗಳು ಸಮುದ್ರದಾಚೆಯ ಒಂದೇ ದೇಶದವು ಎಂಬುದನ್ನು ಯಾರೂ ಎತ್ತಲಿಲ್ಲ. ಕೈ ಎತ್ತಿಸಿದರು. ಕೆಂಪಿಗೆ ಏಳು, ನೀಲಿಗೆ ಆರು. ನಾನು ಕೆಂಪಿಗೆ ಎತ್ತಿದೆ; ಟೀ ಆ ಕಡೆಯಿಂದ ಬರುತ್ತಿತ್ತು. ನೀಲಿಯವರು ಹೊರನಡೆಯಲು ಚಪ್ಪಲಿ ಹುಡುಕತೊಡಗಿದಾಗ ಅಧ್ಯಕ್ಷರಿಗೆ ಒಗ್ಗಟ್ಟಿನ ನೆನಪಾಯಿತು. ಪ್ರೊಸೆಸರ್ ಕೆಂಪು ಕಂಪನಿಯದು, ಅದು ಕೂರುವ ಮದರ್‌ಬೋರ್ಡ್ ನೀಲಿ ಕಂಪನಿಯ ಜಾತಿಯದು ಎಂದು ರಾಜಿಯಾಯಿತು. ಅಧ್ಯಕ್ಷಗಿರಿ ಒಬ್ಬರಿಗೆ, ಖಜಾಂಚಿಗಿರಿ ಇನ್ನೊಬ್ಬರಿಗೆ ಎಂದು ಹಂಚಿಕೊಂಡು ಬಂದವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಗ್ರಾಫಿಕ್ಸ್ ಕಾರ್ಡು ದುಂದುವೆಚ್ಚ, ಚಿತ್ರ ತೋರಿಸಲು ಟಿವಿ ಇದೆಯಲ್ಲ ಎಂದು ಯಾರೋ ಹೇಳಿದಾಗ ಮಾತ್ರ ತಣಿಕಾಚಲಂ ಬಾಯಿ ತೆರೆದ.

"ಅದನ್ನ ಮುಟ್ಟಬೇಡಿ."

ಮುಟ್ಟಲಿಲ್ಲ. ಅವಿರೋಧವಾಗಿ ಅಂಗೀಕರಿಸಲಾಯಿತು ಎಂದು ಬರೆದೆ.

ಮಾರನೆಯ ಬೆಳಿಗ್ಗೆ ನಿಯೋಗ ಹೊರಟಿತು. ಸೇಟು ಹೊಸ ಪಟ್ಟಿ ನೋಡಿ ಕನ್ನಡಕ ತೆಗೆದ.

"ಅಣ್ಣೇ, ಈ ಚಿಪ್ಪು ಆ ಬೋರ್ಡಲ್ಲಿ ಕೂರಲ್ಲ. ಒಂದಕ್ಕೆ ಕಾಲು ಚಿಪ್ಪಲ್ಲಿ, ಇನ್ನೊಂದಕ್ಕೆ ಕಾಲು ಬೋರ್ಡಲ್ಲಿ. ರೈಲಿನ ಗಾಲಿ ತಂದು ಬಸ್ಸಿಗೆ ಹಾಕ್ತೀಯಾ?"

"ಕೇಳಿದ್ರಾ?" ಎಂದು ಪರಂಧಾಮನ್ ನಮ್ಮ ಕಡೆ ತಿರುಗಿದರು. "ಆಗಲ್ಲ ಅಂತ ಮುದಲಾಳಿ ಯಾವತ್ತು ಹೇಳಿಲ್ಲ? ಬೋನಸ್ ಕೇಳಿದಾಗ ಆಗಲ್ಲ ಅಂದ್ರು. ಎಂಟು ಗಂಟೆ ಕೆಲಸ ಕೇಳಿದಾಗ ಆಗಲ್ಲ ಅಂದ್ರು. ಆಯ್ತೋ ಇಲ್ವೋ?"

"ಆಯ್ತು!" ಎಂದೆವು.

"ಬೋನಸ್ಸಿಗೂ ಪಿನ್ನಿಗೂ ಏನಣ್ಣೇ ಸಂಬಂಧ?" ಎಂದ ಸೇಟು. ಆಮೇಲೆ ಬಿಲ್ಲು ಮುಂದಿಟ್ಟ. "ಒಡೆದ ಡಬ್ಬಿ ವಾಪಸಿಲ್ಲ. ಇಲ್ಲಿ ಸೈನು."

ಸೈನೆಂದರೆ ನಮ್ಮವರಿಗೆ ಹಬ್ಬ. ನಾಲ್ಕು ಜನ ಹಾಕಿದರು. ತಣಿಕಾಚಲಂ ಪರ್ಸು ಖಾಲಿ ಮಾಡಿದ. ಅಲ್ಲೇ ಬೀದಿಯಲ್ಲಿ ಡಬ್ಬಿಗಳನ್ನು ಒಡೆದು, ಒಬ್ಬೊಬ್ಬರು ಒಂದೊಂದು ಭಾಗ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡೆವು.

ಹಾಲಿಗೆ ತಂದು ಜೋಡಿಸಲು ಕೂತಾಗ ಚಿಪ್ಪು ಕೂರಲಿಲ್ಲ. ತಿರುಗಿಸಿದರೂ ಕೂರಲಿಲ್ಲ. ಆದಿಮೂಲಂ ತುಟಿ ಕಚ್ಚಿ ನಗು ತಡೆದದ್ದು ಅಧ್ಯಕ್ಷರ ಕಣ್ಣಿಗೆ ಬಿತ್ತು. ಮಾನದ ಪ್ರಶ್ನೆಯಾಯಿತು. ನಲವತ್ತು ವರ್ಷ ಬಸ್ಸಿನ ಗೇರು ತಳ್ಳಿದ ಹೆಬ್ಬೆರಳನ್ನು ಪರಂಧಾಮನ್ ಚಿಪ್ಪಿನ ಮೇಲಿಟ್ಟು ಒತ್ತಿದರು. ಕರ್‌ ಎಂದಿತು. ಎತ್ತಿ ನೋಡಿದರೆ ಅದರ ಸೂಜಿ ಕಾಲುಗಳೆಲ್ಲ ಗಾಳಿಗೆ ಬಿದ್ದ ಪೈರಿನಂತೆ ಮಲಗಿದ್ದವು.

"ಇದರ ಬಗ್ಗೆ ತನಿಖಾ ಸಮಿತಿ ಮಾಡೋಣ" ಎಂದರು ಅಧ್ಯಕ್ಷರು.

ತಣಿಕಾಚಲಂ ಚಿಪ್ಪನ್ನು ಜೇಬಿಗಿಟ್ಟುಕೊಂಡು ಮನೆಗೆ ಹೋದ. ಮಾರನೆಯ ದಿನ ಒಂಬತ್ತು ಗಂಟೆಗೆ ಹಾಲಿನ ಬಾಗಿಲ ಮುಂದೆ ದುಪ್ಪಟಿ ಹಾಸಿ, ಅಂಗೈ ಮೇಲೆ ಆ ಚಿಪ್ಪಿಟ್ಟುಕೊಂಡು ಕೂತ. ಪಕ್ಕದಲ್ಲಿ ರಟ್ಟಿನ ಫಲಕ: ಒಂದೇ ಬೇಡಿಕೆ, ಒಂದು ಪ್ರೊಸೆಸರ್. ಮೂವತ್ತೊಂದು ವರ್ಷ ನಮಗಾಗಿ ಎಲ್ಲೆಲ್ಲೋ ಕೂತವನಿಗೆ ಕೂರುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ತಣಿಕಾ, ಒಳಗೆ ಬಾರಯ್ಯಾ, ಮಾತಾಡೋಣ" ಎಂದರು ಅಧ್ಯಕ್ಷರು.

"ಒಳಗೆ ಕರೆದು ಮಾತಾಡಿಸಿದ್ರೆ ಹೋರಾಟ ಸತ್ತಹಾಗೆ ಅಂತ ನೀವೇ ಹೇಳಿಕೊಟ್ಟಿದ್ದು ತಲೈವರೇ."

ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಅಂಜಲೈ ಬಂದಳು, ಮೂರು ಕಲ್ಲು, ಒಂದು ಹಂಡೆ, ಒಂದು ಚೀಲ ನುಚ್ಚಕ್ಕಿ ಹೊರಿಸಿಕೊಂಡು. ಕಾರ್ಖಾನೆ ಮುಚ್ಚಿದ ಮಾಲೀಕರ ಮರ್ಯಾದೆ ತೆಗೆಯಲು ಅವರ ಗೇಟಿನ ಮುಂದೆ ಗಂಜಿ ಕಾಯಿಸಿ ಬೀದಿಗೆಲ್ಲ ಹಂಚುವುದು ನಮ್ಮದೇ ಹಳೆಯ ಪಟ್ಟು. ಆ ಪಟ್ಟು ನಮ್ಮ ಬಾಗಿಲಿಗೇ ಬಂತು. ಜನ ಪಾತ್ರೆ ಹಿಡಿದು ಸಾಲುಗಟ್ಟಿದರು.

"ಉಪ್ಪು ಸಾಕೇನಪ್ಪಾ?" ಎಂದು ಅವಳು ಎಲ್ಲರನ್ನೂ ಕೇಳುತ್ತಿದ್ದಳು. "ಸಾಲದಿದ್ರೆ ಅಧ್ಯಕ್ಷರನ್ನ ಕೇಳಿ, ಅವ್ರು ಪರಿಶೀಲಿಸ್ತಾರೆ."

ಮಧ್ಯಾಹ್ನದ ಹೊತ್ತಿಗೆ ಪರಂಧಾಮನ್ ಹಿಂಬಾಗಿಲಿನಿಂದ ರಿಚೀ ಸ್ಟ್ರೀಟಿಗೆ ಹೋದರು. ಪ್ಲಾಸ್ಟಿಕ್ ಮುಚ್ಚಳ ತೆಗೆಯಲು ನಮಗ್ಯಾರಿಗೂ ತೋಚದ್ದರಿಂದ ಬೋರ್ಡು ಉಳಿದಿತ್ತು; ಅದು ನೀಲಿಯವರದಾದ್ದರಿಂದ ಚಿಪ್ಪೂ ನೀಲಿ ಕಂಪನಿಯದೇ ಬೇಕಾಯಿತು. ಕೆಂಪು ಬಾವುಟದ ಅಧ್ಯಕ್ಷರು ಸ್ವಂತ ಜೇಬಿನಿಂದ ನೀಲಿ ಡಬ್ಬಿ ಕೊಂಡು, ಪತ್ರಿಕೆಯಲ್ಲಿ ಸುತ್ತಿಸಿಕೊಂಡು ತಂದರು. ಆದಿಮೂಲಂ ಪತ್ರಿಕೆ ಬಿಚ್ಚಿಸಿಯೇ ನೋಡಿದರು. ಈ ಸಲ ಜೋಡಿಸಿದ್ದು ಸೇಟು; ಕಮಿಟಿಯವರಿಗೆ ತಣಿಕಾಚಲಂ ಮುಟ್ಟಲು ಬಿಡಲಿಲ್ಲ.

ಈಗ ಅವನು ದಿನಾ ಬೆಳಿಗ್ಗೆ ಖಾಕಿ ಅಂಗಿ ಹಾಕಿಕೊಂಡು ಟಿವಿಯ ಮುಂದೆ ಕೂರುತ್ತಾನೆ. ಕೊಲ್ಲಿಮಲೆಯ ರಸ್ತೆಯೂ ಆ ಆಟದಲ್ಲಿದೆ. ಪ್ರತಿ ತಿರುವಿಗೂ ಹಾರ್ನು ಹೊಡೆಯುತ್ತಾನೆ, ಖಾಲಿ ಸ್ಟಾಪಿನಲ್ಲೂ ನಿಲ್ಲಿಸುತ್ತಾನೆ. ತಡವಾಯಿತೆಂದು ಯಂತ್ರ ಅಂಕ ಕಳೆಯುತ್ತದೆ, ಅವನು ಕ್ಯಾರೇ ಅನ್ನುವುದಿಲ್ಲ. ಅಂಜಲೈ ಮಾತ್ರ ಪರದೆಯ ಕಡೆ ಬೆನ್ನು ಹಾಕಿ ಬೆಳ್ಳುಳ್ಳಿ ಬಿಡಿಸುತ್ತಾಳೆ.

ಹೋದ ವಾರ ಪರಂಧಾಮನ್ ಬಾಳೆಹಣ್ಣು ಹಿಡಿದು ಬಂದರು. ನಾನೂ ಜೊತೆಗಿದ್ದೆ. ಸುಮಾರು ಹೊತ್ತು ನಿಂತು ನೋಡಿದರು. ನಿವೃತ್ತರಾದ ಮೇಲೆ ಅವರೂ ಸ್ಟೇರಿಂಗ್ ಮುಟ್ಟಿಲ್ಲ.

"ತಣಿಕಾ, ಒಂದೇ ಒಂದು ಟ್ರಿಪ್ಪು ನಂಗೂ ಕೊಡಯ್ಯಾ."

ತಣಿಕಾಚಲಂ ನಲವತ್ತನೇ ತಿರುವಿನಲ್ಲಿದ್ದ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಅರ್ಜಿ ಕೊಟ್ಟು ಹೋಗಿ ತಲೈವರೇ, ಪರಿಶೀಲಿಸ್ತೀವಿ."

ಅಂಜಲೈ ಬೆಳ್ಳುಳ್ಳಿ ಕೈಯಲ್ಲೇ ಎದ್ದು ಹೋಗಿ, ಒಂದು ಬಿಳಿ ಹಾಳೆ, ಒಂದು ಪೆನ್ನು ತಂದಿಟ್ಟಳು.